ಖಾಕಿ ಕೋಟು, ಕಾಕಡದ ದಂಡೆ

ಹೊರಗೆ ಯಾರೋ ಬಾಗಿಲು ತಟ್ಟಿದರು.

"ಯಾರದು? ಅಲ್ಲೇ ನಿಂತ್ಕಳಿ, ಒಳಿಕೆ ಬರಬ್ಯಾಡಿ," ಎನ್ನುತ್ತಲೇ ಶಿವರತ್ನ ಹುಳದ ಮನೆಯ ಬಾಗಿಲನ್ನು ಒಂದು ಗೇಣಿನಷ್ಟು ತೆರೆದಳು. ತೆರೆದವಳು ಹಾಗೇ ನಿಂತುಬಿಟ್ಟಳು...

ಅವನೇ.

ಅಗರದ ಶಿವಮಲ್ಲಪ್ಪ ಮೇಷ್ಟ್ರು. ಮಧ್ಯಾಹ್ನ ಹನ್ನೆರಡಕ್ಕೆ ತಾಯಿ, ಸೋದರಮಾವನ ಜೊತೆ ಗಾಡಿಯಲ್ಲಿ ಬಂದು ಅವಳನ್ನು ನೋಡಿ ಹೋಗಬೇಕಾಗಿದ್ದವನು, ಬೆಳಿಗ್ಗೆ ಒಂಬತ್ತಕ್ಕೇ ಒಬ್ಬನೇ ಸೈಕಲ್ಲಿನಲ್ಲಿ ಬಂದು ನಿಂತಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಂಚಿನ ಪಂಚೆ, ಹಣೆಯಲ್ಲಿ ವಿಭೂತಿ. ಬಾಚಿದ ತಲೆಯಿಂದ ಘಮಘಮ ಎನ್ನುವ ಎಣ್ಣೆ, ಕುತ್ತಿಗೆಗೆ ಪೌಡರು. ಕೈಯಲ್ಲಿ ಬಾಳೆಲೆಯ ಪೊಟ್ಟಣ.

ಇವಳ ವೇಷವೋ, ಕೇಳಬೇಡಿ. ತಲೆಗೆ ಹಳೇ ಪಂಚೆಯ ತುಂಡು ಸುತ್ತಿದ್ದಳು. ಅಜ್ಜಿಯ ಕೆಂಪು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಚ್ಚೆ ಕಟ್ಟಿದ್ದಳು. ಅದರ ಮೇಲೆ ತಾತನ ಖಾಕಿ ಕೋಟು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ತಾತ ಫಾರೆಸ್ಟ್ ಗಾರ್ಡ್ ಆಗಿದ್ದರು, ಆಗ ಸರ್ಕಾರ ಕೊಟ್ಟಿದ್ದ ಉಣ್ಣೆ ಕೋಟು. ತೋಳನ್ನು ಎರಡು ಸಲ ಮಡಚಿದರೂ ಅವಳ ಬೆರಳ ತನಕ ಬರುತ್ತಿತ್ತು. ಕೈಯಲ್ಲಿ ಬಳೆಯಿಲ್ಲ, ಮುಡಿಯಲ್ಲಿ ಹೂವಿಲ್ಲ, ಹಣೆಯ ಕುಂಕುಮವೂ ಬೆವರಿಗೆ ಅಳಿಸಿ ಹೋಗಿತ್ತು.

"ಶಿವರತ್ನಮ್ಮ ಅನ್ನೋರು..." ಎಂದ ಅವನು, ಅನುಮಾನಿಸುತ್ತ.

"ನಾನೇಯ."

ಅವನ ಮುಖ ಅರಳಿತು. "ನಮ್ಮವ್ವ ಕಳಿಸವ್ರೆ. ಕಾಕಡದ ದಂಡೆ, ಮರುಗ ಸೇರ್ಸಿ ಕಟ್ಟವ್ರೆ. ನಾವೆಲ್ಲ ಬರೋ ಹೊತ್ಗೆ ಮುಡ್ಕಂಡಿರ್ಲಿ ಅಂತ."

ಹಾಗೆಂದು ಪೊಟ್ಟಣ ಬಿಚ್ಚಿ ಮುಂದೆ ಚಾಚಿದ. ಗೇಣಗಲದ ಸಂದಿಯಿಂದ ಹೂವಿನ ವಾಸನೆ ಒಳಗೆ ನುಗ್ಗಿತು.

ಶಿವರತ್ನ ಸಂದಿಗೆ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಹನ್ನೆರಡು ದೊಡ್ಡ ತಟ್ಟೆಗಳಲ್ಲಿ ಇಪ್ಪತ್ತೈದು ದಿನ ಮಕ್ಕಳಂತೆ ಸಾಕಿದ ರೇಷ್ಮೆ ಹುಳಗಳಿದ್ದವು.

"ಬ್ಯಾಡ, ಬ್ಯಾಡ. ತಕಂಡೋಗಿ."

"ಹೂವ... ಬ್ಯಾಡ್ವ?"

"ಬ್ಯಾಡ ಅಂದ್ನಲ್ಲ. ಈ ಬಾಗ್ಲ ತಾವ್ಕೇ ತರಬ್ಯಾಡಿ. ದೂರ ಓಗಿ."

ಎಂದವಳೇ ಬಾಗಿಲು ಮುಚ್ಚಿಬಿಟ್ಟಳು. ಅವನ ಮುಖದ ಮೇಲೇ.

ಅವಳನ್ನು ಬೈಯುವ ಮೊದಲು ಒಂದು ಮಾತು ಕೇಳಿ. ಹುಳದ ಮನೆಗೆ ವಾಸನೆ ಆಗದು. ಹೂವು, ಎಣ್ಣೆ, ಪೌಡರು, ನಶ್ಯ, ಒಗ್ಗರಣೆ ಯಾವುದೂ ಆಗದು. ವಾಸನೆ ತಗುಲಿದರೆ ಹುಳ ಮಂಕಾಗುತ್ತದೆ, ಗೂಡು ಕಟ್ಟದೆ ಕೂತುಬಿಡುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಚಳಿಯೂ ಆಗದು. ಶಿವರಾತ್ರಿಗೆ ಇನ್ನು ಹತ್ತು ದಿನವಿದ್ದ ಆ ಮಾಘದ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಮಾತಾಡುತ್ತ ನಿಲ್ಲುವುದೂ ಒಂದೇ, ಹುಳಗಳ ಮೇಲೆ ತಣ್ಣೀರು ಸುರಿಯುವುದೂ ಒಂದೇ. ಅವಳ ಊರು ಮುಳ್ಳೂರಿನಲ್ಲಿ ಮಾತು ಬರುವ ಮಗುವಿಗೂ ಇದು ಗೊತ್ತು. ಗೊತ್ತಿಲ್ಲದ ಮನುಷ್ಯ ಲೋಕದಲ್ಲಿ ಒಬ್ಬನಾದರೂ ಇದ್ದಾನು ಎಂಬುದೇ ಶಿವರತ್ನಳಿಗೆ ಗೊತ್ತಿರಲಿಲ್ಲ!

ಅಗರದಲ್ಲಿ ಶಿವಮಲ್ಲಪ್ಪನ ಮನೆಯವರಿಗೆ ಗದ್ದೆ ಬಿಟ್ಟರೆ ಬೇರೆ ತಿಳಿಯದು. ಹುಳದ ಮನೆಯನ್ನು ಅವನು ಕಣ್ಣಿಂದ ಕಂಡವನಲ್ಲ. ಅವರ ಮನೆತನದಲ್ಲಿ ಇನ್ನೊಂದು ಪದ್ಧತಿ. ಗಂಡಿನ ಕಡೆಯಿಂದ ಮೊದಲು ಹೂವು ಹೋಗಬೇಕು. ಹುಡುಗಿ ಮುಡಿದರೆ ಮಾತು ಮುಂದುವರಿಯಿತು. ಹೂವು ಹಿಂದಿರುಗಿದರೆ ಅಲ್ಲಿಗೆ ಮುಗಿಯಿತು, ಯಾಕೆ ಏನು ಎಂದು ಯಾರೂ ಕೇಳುವ ಹಾಗಿಲ್ಲ.

ಮೇಷ್ಟ್ರು ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದ. ಹೂವನ್ನು ಮತ್ತೆ ಎಲೆಯೊಳಗೆ ಸುತ್ತಿ, ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿ, ತುಳಿಯದೆ ತಳ್ಳಿಕೊಂಡು ಹೊರಟ.

*

ಒಳಗೆ ಶಿವರತ್ನಳಿಗೆ ಕುಣಿಯಬೇಕು ಎನ್ನಿಸಿತ್ತು.

"ಅಂವ ಬಂದವ್ನೆ ಕಣಜ್ಜಿ," ಎಂದಳು ಪಿಸುದನಿಯಲ್ಲಿ.

ಅಜ್ಜಿ ದೊಡ್ಡಬಸಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬರ್ಲಿ ಬುಡು. ಜಗುಲಿ ಮ್ಯಾಲೆ ಕೂತಿರ್ತನೆ. ನೀನು ಕೈಲಿರ ತಟ್ಟೆ ನೋಡು."

ಅಜ್ಜಿಯದು ಯಾವಾಗಲೂ ಇದೇ ಮಾತು. ಹನ್ನೆರಡು ತಟ್ಟೆ ನೆನೆದರೆ ಕೈ ನಡುಗುತ್ತದೆ, ಕೈಯಲ್ಲಿರುವ ಒಂದನ್ನು ನೋಡಿದರೆ ಹನ್ನೆರಡೂ ಮುಗಿಯುತ್ತವೆ ಎನ್ನುತ್ತಿದ್ದಳು. ಶಿವರತ್ನಳ ತಾಯಿ ತೀರಿಕೊಂಡ ವರ್ಷವೂ ಅಜ್ಜಿ ಹೀಗೇ ಹೇಳಿ ಅವಳನ್ನು ಹುಳದ ಮನೆಗೆ ಕರೆದುಕೊಂಡು ಬಂದಿದ್ದಳು.

ಈ ದಿನ ಹೀಗಾಗಲು ಶಿವರತ್ನಳೇ ಕಾರಣ. ಚಳಿಗಾಲದಲ್ಲಿ ಹುಳ ನಿಧಾನವಾಗಿ ಹಣ್ಣಾಗುತ್ತದೆ, ಗೂಡು ಕಟ್ಟಲು ತಡವಾಗಿ ತಯಾರಾಗುತ್ತದೆ ಎಂದು ಲೆಕ್ಕ ಹಾಕಿ ಅಪ್ಪ ಮಹದೇವಯ್ಯ ಈ ಭಾನುವಾರವನ್ನೇ ಗೊತ್ತುಮಾಡಿದ್ದರು. ಆದರೆ ಇವಳಿಗೆ ಮುದುಡಿ ಮಲಗಿದ ಹುಳಗಳನ್ನು ಕಂಡು ಕರುಳು ಚುರುಕ್ಕೆಂದಿತ್ತು. ಒಂದು ಅಗ್ಗಿಷ್ಟಿಕೆಯ ಜಾಗದಲ್ಲಿ ಮೂರು ಇಟ್ಟು ಕೆಂಡ ತುಂಬಿದ್ದಳು. ಬೆಚ್ಚಗಾದ ಹುಳಗಳು ಒಂದು ದಿನ ಮೊದಲೇ, ಇವತ್ತು ಬೆಳಿಗ್ಗೆಯೇ, ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸತೊಡಗಿದವು.

ಹುಳ ಹಣ್ಣಾಯಿತೆಂದರೆ ಕಾಯುವುದಿಲ್ಲ. ಅದನ್ನು ಕೈಯಿಂದ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಬಿದಿರಿನ ಅಗಲ ಚಾಪೆಯ ಮೇಲೆ ಸುತ್ತುಸುತ್ತಾಗಿ ದಬ್ಬೆ ಕಟ್ಟಿರುತ್ತಾರಲ್ಲ, ಅದೇ ಚಂದ್ರಿಕೆ. ಆ ಸಂದಿಯಲ್ಲಿ ಕೂತು ಅದು ಗೂಡು ಕಟ್ಟುತ್ತದೆ. ಚಂದ್ರಿಕೆ ಸಿಗದಿದ್ದರೆ ತಟ್ಟೆಯ ಅಂಚಿನಲ್ಲಿ, ಗೋಡೆಯ ಮೇಲೆ, ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಮನೆಯಲ್ಲಿದ್ದುದು ಹತ್ತೇ ಚಂದ್ರಿಕೆ. ಉಳಿದವನ್ನು ಕೊಳ್ಳೇಗಾಲದ ಕೆಂಪನಂಜಪ್ಪ ತನ್ನ ಗಾಡಿಯಲ್ಲಿ ಬಾಡಿಗೆಗೆ ತಂದುಕೊಡಬೇಕು. ಹಾಲಿನವನ ಕೈಯಲ್ಲಿ ಅವನಿಗೆ ಬೆಳಿಗ್ಗೆಯೇ ಹೇಳಿ ಕಳಿಸಿದ್ದಾಗಿತ್ತು.

'ಹನ್ನೊಂದರ ತನಕ ಆರಿಸ್ತೀನಿ, ಆಮೇಲೆ ಅಜ್ಜಿಗೆ ಬಿಟ್ಟು ಸ್ನಾನ ಮಾಡಿ, ಅತ್ತೆಯ ಜರಿ ಸೀರೆ ಉಟ್ಟು... ಆಗ ಆ ಹೂವು ಮುಡೀತೀನಿ,' ಎಂದುಕೊಂಡಳು ಶಿವರತ್ನ.

ಅವನನ್ನು ಅವಳು ಮೊದಲು ಕಂಡದ್ದು ಹನೂರಿನಲ್ಲಿ, ನೆಂಟರ ಮದುವೆಯಲ್ಲಿ. ಪಂಕ್ತಿಯ ಕೊನೆಯಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಕೂತಿದ್ದಳು. ಬಡಿಸಲು ಬಂದವನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಬೆರಳು ಹಿಡಿದು ಎಲೆಯ ಮೇಲೆ ಒಂದೊಂದನ್ನೇ ಮುಟ್ಟಿಸಿದ್ದ. "ಇದು ಉಪ್ಪು ಕಣಜ್ಜಿ. ಇದು ಪಲ್ಯ. ಇಲ್ಲಿ ಪಾಯ್ಸ ಅದೆ, ಹುಷಾರು, ಬಿಸಿ." ಕಂಬದ ಮರೆಯಲ್ಲಿ ನಿಂತು ನೋಡಿದ ಶಿವರತ್ನಳಿಗೆ ಆ ದಿನ ಊಟವೇ ಸೇರಲಿಲ್ಲ. ಆರು ತಿಂಗಳ ಮೇಲೆ ಅದೇ ಮೇಷ್ಟ್ರ ಮನೆಯಿಂದ ಕೇಳಿಕೊಂಡು ಬಂದಾಗ, ಅವಳು ಹಿತ್ತಲಿಗೆ ಓಡಿಹೋಗಿ ಒಬ್ಬಳೇ ನಕ್ಕಿದ್ದಳು.

*

ಹನ್ನೊಂದಕ್ಕೆ ಸೋದರತ್ತೆ ಚೆಲುವಮ್ಮ ಬಾಗಿಲ ಹೊರಗಿನಿಂದಲೇ ಕೂಗಿದಳು. "ಬಾರೆ, ನೀರು ಕಾದದೆ. ಸೀರೆ ತೆಗ್ದಿಟ್ಟಿವ್ನಿ."

"ಬಂದೆ ಅತ್ತೆ. ಮೇಷ್ಟ್ರಿಗೆ ಕಾಫಿ ಕೊಟ್ರಾ?"

"ಯಾವ ಮೇಷ್ಟ್ರಿಗೆ?"

"ಆಗ್ಲೇ ಬಂದ್ರಲ್ಲ... ಜಗುಲಿಲಿ ಇಲ್ವಾ?"

"ಜಗುಲಿಲಿ ಬೆಕ್ಕು ಮನಗದೆ. ಯಾರೂ ಬಂದಿಲ್ಲ."

ಶಿವರತ್ನಳ ಕೈ ನಿಂತಿತು. 'ಎಲ್ಲಿಗೆ ಹೋದರು? ಗಾಡಿಗೆ ಎದುರು ಹೋಗಿರಬಹುದು... ಹೌದು, ಹಾಗೇ ಇರಬೇಕು.'

ಹನ್ನೆರಡಾಯಿತು. ಗಾಡಿ ಬರಲಿಲ್ಲ. ಅತ್ತೆ ಮಾಡಿದ ಕೇಸರಿಬಾತು ಆರಿ ತಣ್ಣಗಾಯಿತು. ಒಂದು ಗಂಟೆಯ ಹೊತ್ತಿಗೆ ಮಹದೇವಯ್ಯ ಕೋಲೂರಿಕೊಂಡು ಕುಂಟುತ್ತ ಬಂದರು. ವಾರದ ಹಿಂದೆ ಜಾಲಿಮುಳ್ಳು ತುಳಿದು ಪಾದ ಬಾತುಹೋಗಿತ್ತು, ಆದರೂ ನೆಂಟರನ್ನು ಎದುರುಗೊಳ್ಳಲು ಊರ ಮುಂದಿನ ಹೋಟೆಲಿನ ತನಕ ಹೋಗಿದ್ದರು.

"ಗಾಡಿ ಊರ ಬಾಗ್ಲಿಗೆ ಬಂದು ತಿರುಗ್ಕಂಡು ಓಯ್ತಂತೆ," ಎಂದರು. ಅವರ ದನಿ ಸಣ್ಣಗಾಗಿತ್ತು. "ನಾನು ಓಗೋ ಮುಂಚೇನೆ. ಓಟ್ಲೋನು ಯೋಳ್ದ. ಉಡ್ಗಿ ಊವ ವಾಪಸ್ ಕಳಿಸುದ್ಲು, ಬಾಗ್ಲು ಮುಚ್ಚುದ್ಲು ಅಂತ ಮೇಷ್ಟ್ರು ಅವ್ರವ್ವಂಗೆ ಯೋಳಿದ್ರಂತೆ."

ಚೆಲುವಮ್ಮ ಶಿವರತ್ನಳ ಕಡೆಗೆ ತಿರುಗಿದಳು.

"ಏನ್ ಮಾಡ್ದೆ ನೀನು?" ಎಂದಳು ಅತ್ತೆ.

"ಅತ್ತೆ... ಉಳದ ಮನೆಗೆ ಕಾಕಡ, ಮರುಗ ತಂದಿದ್ರು. ಬ್ಯಾಡ ಅಂದೆ ಅಷ್ಟೇಯ."

"ಯಾಕೆ ಅಂತ ಯೋಳ್ದಾ?"

ಇಲ್ಲ... ಹೇಳಿರಲಿಲ್ಲ. ಅದನ್ನೂ ಹೇಳಬೇಕು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಆ ಕೋಟ್ನಾಗೆ, ಆ ಅವತಾರದಾಗೆ ನಿಂತು, ಕೇಳ್ಕಂಡು ಬಂದ ಗಂಡ್ಗೆ ದೂರ ಓಗು ಅಂದಿದೀಯ. ಇನ್ಯಾರು ಬಂದಾರು ನಿನ್ನ ನೋಡಾಕೆ?" ಚೆಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬೈದರೂ ಹೆಚ್ಚು ನೊಂದವಳು ಅವಳೇ.

ಶಿವರತ್ನ ಹೊಸ್ತಿಲಿಗೆ ಬಂದು ನಿಂತಳು. ಓಡಿಹೋದರೆ ಕೊಳ್ಳೇಗಾಲ ಮುಟ್ಟುವುದರೊಳಗೆ ಅವರ ಗಾಡಿ ಸಿಗಬಹುದು. ಕಾಲು ಹಿಡಿದಾದರೂ ಹೇಳಬಹುದು. ಅಪ್ಪ ನಡೆಯಲಾರರು. ಅತ್ತೆಗೆ ಹುಳ ಮುಟ್ಟಲು ಬಾರದು. ಅಜ್ಜಿಯ ಕಣ್ಣು ಮಂಜು. ತಾನು ಹೋದರೆ...

ಅವಳು ತಿರುಗಿ ನೋಡಿದಳು. ಹನ್ನೆರಡು ತಟ್ಟೆಗಳಲ್ಲೂ ಸಾವಿರಾರು ಹುಳಗಳು ತಲೆ ಎತ್ತಿ, ಏನನ್ನೋ ಹುಡುಕುವ ಹಾಗೆ ಗಾಳಿಯಲ್ಲಿ ಆಡಿಸುತ್ತಿದ್ದವು. ನಿನ್ನೆಯ ತನಕ ಕರಕರ ಎಂದು ಸೊಪ್ಪು ತಿನ್ನುವ ಸದ್ದಿನಿಂದ ತುಂಬಿದ್ದ ಮನೆ ಈಗ ನಿಶ್ಶಬ್ದವಾಗಿತ್ತು. ಅವುಗಳಿಗೆ ಇರುವುದು ಇದೊಂದೇ ದಿನ.

ಅವಳು ಹೊಸ್ತಿಲಿಂದ ಹಿಂದಕ್ಕೆ ಬಂದು ಬಾಗಿಲು ಮುಚ್ಚಿದಳು. ಕೋಟಿನ ತೋಳನ್ನು ಮತ್ತೊಮ್ಮೆ ಮಡಚಿ ಐದನೇ ತಟ್ಟೆಯನ್ನು ಎಳೆದುಕೊಂಡಳು.

ಅಜ್ಜಿ ಅವಳ ಮುಖ ನೋಡಿದಳು. "ಅಳದಾದ್ರೆ ಅಳು ಮಗ. ತಟ್ಟೆಯಿಂದ ಈಚೆಗೆ ಮುಖ ತಿರುಗ್ಸಿ ಅಳು. ಕಣ್ಣೀರು ಉಳಕ್ಕೆ ಆಗಾಕಿಲ್ಲ."

ಶಿವರತ್ನಳಿಗೆ ಅಳುವಿನ ನಡುವೆಯೇ ನಗು ಬಂತು. ಮುಖ ತಿರುಗಿಸಿ ಕೋಟಿನ ತೋಳಿನಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ಬಾಗಿದಳು.

'ಕೈಲಿರ ತಟ್ಟೆ... ಕೈಲಿರ ತಟ್ಟೆ...'

ಅವನ ಮುಖ ನೆನಪಾದಾಗಲೆಲ್ಲ ಅವಳು ಬೆರಳ ತುದಿಯ ಹುಳವನ್ನು ನೋಡಿದಳು. ಬೆಳಕಿಗೆ ಹಿಡಿದಾಗ ಹಣ್ಣಾದ ಹುಳದ ಮೈ ಮಾಗಿದ ದ್ರಾಕ್ಷಿಯ ಹಾಗೆ ಪಾರದರ್ಶಕವಾಗಿತ್ತು. ಒಳಗೆ ಹಳದಿ ನೂಲು ತುಂಬಿಕೊಂಡಿರುವುದು ಕಾಣುತ್ತಿತ್ತು. ಹುಟ್ಟುವಾಗ ಸಾಸಿವೆಗಿಂತ ಸಣ್ಣದು. ಇಪ್ಪತ್ತೈದು ದಿನ ಬರೀ ಹಸಿರೆಲೆ ತಿಂದದ್ದು. ಈ ಚಿನ್ನದ ಬಣ್ಣ ಎಲ್ಲಿಂದ ಬಂತು? ಪ್ರತಿ ಬೆಳೆಯಲ್ಲೂ ಅವಳು ಕೇಳಿಕೊಳ್ಳುವ ಪ್ರಶ್ನೆ ಇದು. ಇಂಥಾ ದಿನವೂ ಅದು ಅವಳನ್ನು ಬೆರಗಾಗಿಸಿತು. ಎದೆ ಒಡೆದುಹೋಗಿದ್ದರೂ ಬೆರಗಿಗೆ ಜಾಗ ಉಳಿದಿತ್ತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಮೂರು ಗಂಟೆಗೆ ಹತ್ತು ಚಂದ್ರಿಕೆಯೂ ತುಂಬಿತು. ಇನ್ನೂ ಐದು ತಟ್ಟೆ ಬಾಕಿ. ಕೆಂಪನಂಜಪ್ಪನ ಸುಳಿವಿಲ್ಲ.

*

ಕೆಂಪನಂಜಪ್ಪ ಆ ಹೊತ್ತಿಗೆ ಕೊಳ್ಳೇಗಾಲದ ತನ್ನ ಕೊಟ್ಟಿಗೆಯ ಮುಂದೆ, ಹೇರಬೇಕಾದ ಚಂದ್ರಿಕೆಗಳನ್ನು ಪಕ್ಕಕ್ಕೆ ಒರಗಿಸಿಟ್ಟು, ಮುರಿದ ಗಾಡಿಚಕ್ರದ ಜೊತೆ ಗುದ್ದಾಡುತ್ತಿದ್ದ. ಅಗರದವರ ಗಾಡಿ ಅಲ್ಲೇ ಹತ್ತಿರದ ಮರದ ನೆರಳಿನಲ್ಲಿ ನಿಂತಿತ್ತು. ಎತ್ತಿಗೆ ನೀರು ಕುಡಿಸಿ, ತಂದ ಬುತ್ತಿ ಉಂಡಿದ್ದರು. ಮೇಷ್ಟ್ರು ಮಾತ್ರ ಉಣ್ಣಲಿಲ್ಲ. ಉಂಡವರಿಗೆ ಕೈ ತೊಳೆಯಲು ನೀರು ಕೇಳಿಕೊಂಡು ಸೈಕಲ್ ತಳ್ಳುತ್ತ ಕೊಟ್ಟಿಗೆಯ ಬಳಿ ಬಂದ.

"ಸಾ, ಅಲ್ಲೇ ನಿಂತ್ಕಳಿ," ಎಂದ ಕೆಂಪನಂಜಪ್ಪ, ಒಮ್ಮೆಗೇ ಕೈ ಅಡ್ಡ ಹಿಡಿದು. "ಆ ಊವ ದೂರ ಇಡಿ."

ಬೆಳಿಗ್ಗೆಯಿಂದ ಎರಡನೇ ಸಲ. ಶಿವಮಲ್ಲಪ್ಪನಿಗೆ ಸಿಟ್ಟು ಬಂತು. "ನಿಮಗೂ ಬ್ಯಾಡ್ವ ನಮ್ಮ ಹೂವು?"

"ನಂಗ್ಯಾಕ್ ಬ್ಯಾಡ ಸಾ. ಚಂದ್ರಿಕೆಗೆ ವಾಸ್ನೆ ಇಡಿತದೆ. ಆಮೇಲೆ ಉಳ ಗೂಡು ಕಟ್ಟಾಕಿಲ್ಲ."

ಮೇಷ್ಟ್ರು ನಿಂತಲ್ಲೇ ನಿಂತ. "...ಯಾವ ಹುಳ?"

"ರೇಸ್ಮೆ ಉಳ. ಉಳದ ಮನೆ ತಾವ್ಕೆ ಊವ, ಎಣ್ಣೆ, ಪೌಡ್ರು ಏನೂ ಓಗಂಗಿಲ್ಲ. ಸಾಕೋ ಎಣ್ಮಕ್ಳು ಇಪ್ಪತ್ತೈದು ದಿನ ಒಂದು ಎಸ್ಳು ಊವ ಮುಡಿಯಾಕಿಲ್ಲ. ಗೊತ್ತಿಲ್ವಾ ಸಾ?"

"ಮತ್ತೆ... ಬಾಗ್ಲು? ಬಂದೋರ ಮುಖದ ಮೇಲೆ ಬಾಗ್ಲು ಹಾಕದು?"

"ಚಳಿ ಸಾ. ತೆಗ್ದು ಮಡಗಿದ್ರೆ ಉಳ ಸೆಟ್ಕತವೆ." ಕೆಂಪನಂಜಪ್ಪ ಚಕ್ರಕ್ಕೆ ಒಂದು ಒದೆ ಕೊಟ್ಟ. "ನೋಡಿ, ಮುಳ್ಳೂರು ಮಾದೇವಯ್ಯನ ಮನೇಲಿ ಒಂದಿನ ಮುಂಚೇನೆ ಅಣ್ಣಾಗವಂತೆ. ಆ ಉಡ್ಗಿ ಒಬ್ಳೇ ಒದ್ದಾಡ್ತಾ ಇರ್ತಳೆ. ಈ ಮನೆಹಾಳು ಚಕ್ರ ಇವತ್ತೇ ಮುರೀಬೇಕಾ?"

ಶಿವಮಲ್ಲಪ್ಪ ಹ್ಯಾಂಡಲಿನ ಪೊಟ್ಟಣವನ್ನು ನೋಡಿದ. 'ಅವಳು ನನ್ನನ್ನು ಬೇಡ ಎನ್ನಲಿಲ್ಲ... ಒಂದು ಮಾತು ಕೇಳದೆ ನಾನೇ ಬಂದುಬಿಟ್ಟೆ. ಮಕ್ಕಳಿಗೆ ದಿನವೂ ಪ್ರಶ್ನೆ ಕೇಳಿ ಅಂತ ಹೇಳೋನು ನಾನು.'

ಅವನು ಮರದ ಕಡೆಗೆ ಓಡಿದ. "ಅವ್ವ, ಗಾಡಿ ಬೇಕು. ಚಂದ್ರಿಕೆ ಹೇರ್ಬೇಕು."

*

ಸೂರ್ಯ ಇಳಿಯುತ್ತಿದ್ದ. ಹುಳದ ಮನೆಯಲ್ಲಿ ಹುಳಗಳು ತಟ್ಟೆಯ ಅಂಚು ಹತ್ತತೊಡಗಿದ್ದವು. ಶಿವರತ್ನ ಒಂದೊಂದನ್ನೇ ತಿರುಗಿ ಒಳಗೆ ಬಿಡುತ್ತಿದ್ದಳು. ಒಂದನ್ನು ಬಿಟ್ಟರೆ ಎರಡು ಹತ್ತುತ್ತಿದ್ದವು.

"ಇನ್ನೊಂದು ಗಳಿಗೆ ಕಣ್ರಪ್ಪ. ಬತ್ತದೆ. ಇನ್ನೊಂದೇ ಗಳಿಗೆ," ಎನ್ನುತ್ತಿದ್ದಳು ಅವುಗಳಿಗೆ.

ಬಾಗಿಲು ತಟ್ಟಿದ ಸದ್ದಾಯಿತು.

"ಯಾರದು? ಅಲ್ಲೇ ನಿಂತ್ಕಳಿ, ಒಳಿಕೆ..."

"ನಿಂತಿವ್ನಿ," ಎಂದಿತು ಹೊರಗಿನ ದನಿ. "ಎಲ್ಲಿಗಂಟ ಬರಬೋದು ಅಂತ ನೀವೇ ಹೇಳ್ಬೇಕು."

ಅವಳು ಕೈಲಿದ್ದ ಹುಳವನ್ನು ತಟ್ಟೆಗೆ ಬಿಟ್ಟು ಎದ್ದಳು. ಗೇಣಿನಷ್ಟು ಬಾಗಿಲು ತೆರೆದಳು.

ತಲೆಯ ಮೇಲೆ ಚಂದ್ರಿಕೆ ಹೊತ್ತು ಅವನು ನಿಂತಿದ್ದ. ಇಸ್ತ್ರಿ ಅಂಗಿ ಇಲ್ಲ, ಅಂಚಿನ ಪಂಚೆ ಇಲ್ಲ. ಯಾರದೋ ದಪ್ಪ ನೂಲಿನ ಪಂಚೆ ಉಟ್ಟು, ಇನ್ನೊಂದನ್ನು ಹೊದ್ದಿದ್ದ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿವಿಯ ಹಿಂದೆ ಜೇಡಿಮಣ್ಣು ಮೆತ್ತಿಕೊಂಡಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

"ಎಣ್ಣೆ...?" ಎಂದಳು ಅವಳು.

"ಕೆರೇಲಿ ತೊಳ್ಕಂಡೆ. ಜೇಡಿಮಣ್ಣು ಹಾಕಿ ಮೂರು ಸಲ. ಕೆಂಪನಂಜಪ್ಪ ಮೂಸಿ ನೋಡಿ ಪಾಸ್ ಮಾಡ್ದ. ಎರಡ್ನೇ ಸಲ ಫೇಲ್ ಆಗಿದ್ದೆ."

"ಊವ?"

"ಊರಾಚೆ ಹುಣಸೆ ಮರಕ್ಕೆ ನೇತಾಕಿವ್ನಿ. ಅವ್ವ ಕಾವಲು ಕೂತವ್ಳೆ." ಅವನು ಚಂದ್ರಿಕೆಯನ್ನು ತಲೆಯಿಂದ ಇಳಿಸಿದ. "ನನಗೆ ಗೊತ್ತಿರ್ಲಿಲ್ಲ. ಕೇಳ್ಬೇಕಾಗಿತ್ತು. ಕೇಳ್ದೆ ಹೊರಟೋದೆ. ತಪ್ಪು ನಂದು."

"ಯೋಳ್ಬೇಕಾಗಿತ್ತು... ನಾನು ಯೋಳ್ಳಿಲ್ಲ," ಎಂದಳು ಶಿವರತ್ನ. ಕಣ್ಣು ತುಂಬಿ ಬಂತು. ಅಭ್ಯಾಸಬಲದಿಂದ ತಟ್ಟೆಯ ಕಡೆಯಿಂದ ಮುಖ ತಿರುಗಿಸಿದಳು.

"ಕಥೆ ಆಮೇಲೆ ಯೋಳ್ಕಳಿ," ಎಂದಳು ಒಳಗಿನಿಂದ ಅಜ್ಜಿ. "ಒಳಿಕೆ ಬನ್ನಿ. ಬಾಗ್ಲು ಮುಚ್ಚಿ."

ಅವನು ಒಳಗೆ ಬಂದ. ತಲೆ ಬಗ್ಗಿಸಿ, ದೇವರ ಮನೆಗೆ ಕಾಲಿಡುವವನ ಹಾಗೆ ಬಂದ. ಶಿವರತ್ನ ಖಾಕಿ ಕೋಟು ಬಿಚ್ಚಿ ಅವನ ಕಡೆ ಹಿಡಿದಳು.

"ಆಕ್ಕಳಿ."

"ನಿಮಗೆ?"

"ನಂಗೆ ಕೆಂಡ ಅದೆ. ನೀವು ನಡುಗ್ತಾ ಇದ್ರೆ ಉಳ ಇಡ್ಕಳಾಕಾಗಲ್ಲ."

ಹೊರಗೆ ಕೆಂಪನಂಜಪ್ಪ, ಸೋದರಮಾವ ಇಬ್ಬರೂ ಚಂದ್ರಿಕೆ ಇಳಿಸಿ ಜಗುಲಿಗೆ ಒರಗಿಸುತ್ತಿದ್ದರು. ಒಳಗೆ ಲಾಟೀನಿನ ಬೆಳಕಿನಲ್ಲಿ ಶಿವರತ್ನ ಅವನ ಪಕ್ಕದಲ್ಲಿ ಕೂತಳು. ಅವನ ಬೆರಳಿಗೆ ಬೆರಳು ತಾಗಿಸಿ, ಒಂದೊಂದನ್ನೇ ಮುಟ್ಟಿಸಿದಳು. "ಇದು ಇನ್ನೂ ಕಾಯಿ, ಮೆತ್ತಗೆ ತಣ್ಣಗದೆ ನೋಡಿ. ಇದು ಅಣ್ಣು, ಬಿರುಸಾಗದೆ. ಉಷಾರು, ಹಿಸುಕಬ್ಯಾಡಿ."

ಅವನು ತಿರುಗಿ ಅವಳನ್ನು ನೋಡಿದ. "ಈ ಮಾತು ಎಲ್ಲೋ ಕೇಳ್ದಂಗದೆ."

"ಅನೂರ ಮದ್ವೆಲಿ," ಎಂದಳು ಅವಳು ತಲೆ ಎತ್ತದೆ. "ನೀವೇ ಯೋಳ್ತಿದ್ರಿ. ಕಣ್ಣು ಕಾಣದ ಅಜ್ಜಿಗೆ."

ಮೇಷ್ಟ್ರು ಹಣ್ಣಾದ ಹುಳವೊಂದನ್ನು ಮೆಲ್ಲಗೆ ಎತ್ತಿ ಅಂಗೈಗೆ ಬಿಟ್ಟುಕೊಂಡ.

ಆಗ ಅವನ ಅಂಗೈಯಲ್ಲಿದ್ದ ಹುಳ ತಲೆ ಎತ್ತಿತು. ಆ ಕಡೆ ಈ ಕಡೆ ಆಡಿಸಿತು. ಹೆಬ್ಬೆರಳಿಗೆ ಬಾಯಿ ತಾಗಿಸಿ, ತೋರುಬೆರಳಿಗೆ ಬಾಗಿತು. ನಡುವೆ ಒಂದು ಎಳೆ ಹೊಳೆಯಿತು. ಕಂಡೂ ಕಾಣದಷ್ಟು ಸಣ್ಣ ಎಳೆ. ಮತ್ತೆ ಹೆಬ್ಬೆರಳು, ಮತ್ತೆ ತೋರುಬೆರಳು.

ಶಿವಮಲ್ಲಪ್ಪ ಅಂಗೈಯನ್ನು ಲಾಟೀನಿನ ಕಡೆ ಹಿಡಿದ. "ಇದು... ನನ್ನ ಕೈಲೇ ಕಟ್ತಾ ಅದೆ."

"ಕಾದು ಕಾದು ಸಾಕಾಗದೆ ಅದ್ಕೆ."

"ಯಾರು ಹೇಳ್ಕೊಟ್ರು ಇದಕ್ಕೆ?" ಅವನ ದನಿ ನಡುಗಿತು, ಈ ಸಲ ಚಳಿಗಲ್ಲ. "ಎಂಟು ವರ್ಷದಿಂದ ಪಾಠ ಹೇಳ್ತಾ ಇವ್ನಿ. ಇಂಥದ್ದು ನಾನು ನೋಡಿಲ್ಲ ಶಿವರತ್ನ."

ಅವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. ಅದು ಅವನಿಗೂ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು. ಅವನ ಕಣ್ಣಲ್ಲಿ ನೀರು ಕಂಡು, 'ನಾನು ಒಬ್ಬಳೇ ಬೆರಗಾಗುತ್ತಿದ್ದುದಕ್ಕೆ ಇವನೂ ಬೆರಗಾದನಲ್ಲ' ಎಂದು ಅವಳ ಎದೆ ತುಂಬಿತು. ಅಜ್ಜಿ ಕೆಮ್ಮಿದಳು. ಇಬ್ಬರೂ ಬೇಗಬೇಗನೆ ತಟ್ಟೆಗೆ ಬಾಗಿದರು.

ಊಟದ ಹೊತ್ತಿಗೆ ಕೊನೆಯ ತಟ್ಟೆ ಬರಿದಾಯಿತು. ಕೋಟು ಬಿಚ್ಚಿಕೊಟ್ಟು ಗಾಡಿ ಹತ್ತುವ ಮೊದಲು ಅವನು ಕೇಳಿದ್ದು ಒಂದೇ ಮಾತು. "ಹೂವು ಯಾವತ್ತು ತರಬೋದು?"

"ಗೂಡು ಬಿಡಿಸೋ ದಿನ. ಸನಿವಾರ," ಎಂದಳು ಅವಳು.

*

ಶನಿವಾರ ಬೆಳಿಗ್ಗೆ ಚಂದ್ರಿಕೆಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಬಿದಿರಿನ ಒಂದೊಂದು ಸಂದಿಯಲ್ಲೂ ಒಂದೊಂದು ಹಳದಿ ಗೂಡು. ಎಳೆಬಿಸಿಲು ಬಿದ್ದಾಗ ಅಂಗಳವೆಲ್ಲ ಚಿನ್ನದ ಬಣ್ಣವಾಯಿತು. ಗಾಡಿಯಿಂದ ಇಳಿದ ಮೇಷ್ಟ್ರ ತಾಯಿ ರಾಚಮ್ಮ ಅಲ್ಲೇ ನಿಂತು ಕೈ ಮುಗಿದಳು.

"ಇದ ಬುಟ್ಟು ಬಂದು ನಮ್ಮ ಮುಂದೆ ಸೀರೆ ಉಟ್ಕಂಡು ಕೂತಿದ್ರೆ ನಾನೇ ಬ್ಯಾಡ ಅಂತಿದ್ದೆ," ಎಂದಳು ಮಗನಿಗೆ.

ಅತ್ತೆಯ ಜರಿ ಸೀರೆ ಉಟ್ಟು ಶಿವರತ್ನ ಹುಳದ ಮನೆಯೊಳಗಿದ್ದಳು. ಚಳಿ ಇನ್ನೂ ಬಿಟ್ಟಿರಲಿಲ್ಲ. ಸೀರೆಯ ಮೇಲೆ ಖಾಕಿ ಕೋಟು ಇತ್ತು.

"ಅದ ತೆಗ್ಯೇ," ಎಂದು ಚೆಲುವಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಇರ್ಲಿ ಬುಡಿ ಅತ್ತೆ. ಇದ್ರಾಗೇ ನೋಡವ್ರೆ."

ಬಾಗಿಲು ತಟ್ಟಿದ ಸದ್ದಾಯಿತು.

"ಹೂವು ತಂದಿವ್ನಿ," ಎಂದ ಅವನು ಹೊರಗಿನಿಂದ. "ಅಲ್ಲೇ ನಿಂತ್ಕಬೇಕಾ?"

ಅವಳು ಎರಡೂ ಕದಗಳನ್ನು ಗೋಡೆಗೆ ತಾಗುವಷ್ಟು ತೆರೆದಳು. ಕಾಕಡ, ಮರುಗದ ವಾಸನೆ ಒಳಗೆಲ್ಲ ಹರಡಿತು. ತೊಳೆದು ಒರಗಿಸಿದ ಬರಿದು ತಟ್ಟೆಗಳ ನಡುವೆ ಅವಳು ತಲೆ ಬಾಗಿಸಿದಳು. ರಾಚಮ್ಮ ದಂಡೆ ಮುಡಿಸಿದಳು. ಇಪ್ಪತ್ತೈದು ದಿನದ ಮೇಲೆ, ಅಲ್ಲ, ಮೂವತ್ತೊಂದು ದಿನದ ಮೇಲೆ ಮುಡಿದ ಹೂವು. ಅಜ್ಜಿ ಮೂಲೆಯಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು.

ಹಿರಿಯರು ಅಂಗಳಕ್ಕೆ ಹೋದ ಮೇಲೆ ಮೇಷ್ಟ್ರು ಒಂದು ಕಂತೆ ಕಡ್ಡಿಯನ್ನು ತೋರಿಸಿದ. ಹಿಪ್ಪುನೇರಳೆಯ ಕಡ್ಡಿ.

"ನಿಮ್ಮಪ್ಪನ್ನ ಕೇಳಿ ಕಡ್ಕಂಡೆ. ಗದ್ದೆ ಮೇಲ್ಗಡೆ ಎರಡು ಗುಂಟೆ ಅದೆ, ನೆಡ್ತೀನಿ. ನಮ್ಮ ಮನೇಲಿ ಒಂದು ಕೋಣೆ ಖಾಲಿ ಅದೆ, ಗಾಳಿ ಆಡ್ತದೆ. ನೀವು ಬರೋ ಹೊತ್ಗೆ ಚಿಗುರಿರ್ತದೆ."

ಶಿವರತ್ನ ಕಡ್ಡಿಗಳನ್ನು ನೋಡಿದಳು, ಅವನನ್ನು ನೋಡಿದಳು. "ಅಂಗಾದ್ರೆ ವರ್ಸದಾಗೆ ಅರ್ಧಕ್ಕರ್ಧ ದಿನ ನಾನು ಊವ ಮುಡಿಯಾಕಿಲ್ಲ. ಇದೇ ಕೋಟು, ಇದೇ ಅವತಾರ."

"ನಾನೂ ಎಣ್ಣೆ ಹಚ್ಚಲ್ಲ."

"ಮೊದ್ಲೇ ಯೋಚ್ನೆ ಮಾಡಿ ಮೇಷ್ಟ್ರೆ. ಆಮೇಲೆ ಒಪ್ಪಿಲ್ಲ ಅನ್ನಂಗಿಲ್ಲ."

"ಒಪ್ಪಿ ಆರು ದಿನ ಆಯ್ತು."

"ಕೋಟು ಕೊಟ್ನಲ್ಲ, ಅವಾಗ್ಲಾ?"

"ಇಲ್ಲ," ಎಂದ ಅವನು. "ಅವತ್ತು ಬೆಳಿಗ್ಗೆ ನೀನು ಬಾಗ್ಲು ಮುಚ್ಚಿದ್ಯಲ್ಲ... ಅವಾಗ್ಲೇ. ನೀನು ಬ್ಯಾಡ ಅಂದ್ಮೇಲೇ ನೀನೇ ಬೇಕು ಅಂತ ಗೊತ್ತಾಗಿದ್ದು. ಅದ್ಕೇ ಸೈಕಲ್ ಹತ್ತಕ್ಕೆ ಆಗ್ಲಿಲ್ಲ, ತಳ್ಕಂಡು ಹೋದೆ."

ಅವಳು ನಕ್ಕು, ಮಡಚಿದ ಖಾಕಿ ತೋಳಿನಿಂದ ಕಣ್ಣು ಒರೆಸಿಕೊಂಡಳು. ಈ ಸಲ ಮುಖ ತಿರುಗಿಸಲಿಲ್ಲ.